ಒತ್ತಕ್ಷರಕ್ಕೆ ಒಂದಿಷ್ಟು ಜಾಗ



ಇವತ್ತು ನಾನು ಮಾತಾಡಲು ಹೊರಟಿರುವುದು ಖಾಲಿ ಜಾಗದ ಬಗ್ಗೆ. ಮುಂಬಯಿಯಲ್ಲಿ ಕೂತು ಖಾಲಿ ಜಾಗದ ಮಾತಾಡುವುದೆಂದರೆ ಏಕಾದಶಿಯ ದಿನ ಹೋಳಿಗೆಯ ಸುದ್ದಿ ತೆಗೆದ ಹಾಗೆ ಎಂದು ನೀವು ನಗಬಹುದು. ಆದರೆ ನಾನು ಹೇಳುವುದು ಮನೆಯ ಜಾಗವಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೆ ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವೆ, ಅಕ್ಷರಕ್ಕೂ ಅದರ ಸುತ್ತಲಿನ ಗೆರೆಗೂ ನಡುವೆ ಉಳಿಯುವ ಜಾಗ. ಅಳೆದರೆ ಅದು ಒಂದೆರಡು ಮಿಲಿಮೀಟರ್ ಇದ್ದೀತು. ಆದರೆ ಕನ್ನಡದಲ್ಲಿ ಫೋನು ಬಳಸಲು ಸಾಧ್ಯವೇ ಇಲ್ಲವೇ ಎನ್ನುವುದು ಎಷ್ಟೋ ಸಲ ತೀರ್ಮಾನವಾಗುವುದು ಆ ಒಂದೆರಡು ಮಿಲಿಮೀಟರಿನಲ್ಲೇ.

ನನ್ನ ಹೊಟ್ಟೆಪಾಡೂ ಅದೇ. ಗೋರೆಗಾಂವ್ ಪಶ್ಚಿಮದಲ್ಲಿ ಮನೆ, ಪೂರ್ವದಲ್ಲಿ ಹೈವೇ ಬದಿಯಲ್ಲಿ ಕಚೇರಿ. ಆ ಬದಿಯಲ್ಲಿ ನಿರ್ಲಾನ್, ನೆಸ್ಕೊ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಒಂದು ಕಾಲಕ್ಕೆ ಅಲ್ಲಿ ನೂಲು ತೆಗೆಯುತ್ತಿದ್ದರು, ಯಂತ್ರಗಳನ್ನು ಮಾಡುತ್ತಿದ್ದರು. ಈಗ ಆ ಅಂಗಳಗಳಲ್ಲಿ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ ಸಾವಿರಾರು ಜನ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ನನ್ನ ಪಾಲಿಗೆ ಬಂದ ಕೆಲಸ, ತಂತ್ರಾಂಶದ ಪರದೆಯ ಮೇಲೆ ಯಾವುದು ಎಲ್ಲಿ ಕೂರಬೇಕು, ಎಷ್ಟು ಜಾಗ ಬಿಟ್ಟು ಕೂರಬೇಕು ಎಂದು ನೋಡುವುದು. ಇದಕ್ಕೆ ಲೇಔಟ್ ಎನ್ನುತ್ತಾರೆ.

ಪರದೆಯ ಮೇಲಿರುವ ಪ್ರತಿಯೊಂದು ವಸ್ತುವೂ ಒಂದು ಪೆಟ್ಟಿಗೆ. ಗುಂಡಿ, ಹೆಸರು ಬರೆಯುವ ಖಾನೆ, ಚಿತ್ರ, ಶೀರ್ಷಿಕೆ, ಎಲ್ಲವೂ ಪೆಟ್ಟಿಗೆಗಳೇ. ಪೆಟ್ಟಿಗೆಯ ಗೋಡೆಗೂ ಒಳಗಿನ ಅಕ್ಷರಕ್ಕೂ ನಡುವಿನ ಜಾಗ ಪ್ಯಾಡಿಂಗ್. ಪೆಟ್ಟಿಗೆಯ ಗೋಡೆಯಿಂದ ಪಕ್ಕದ ಪೆಟ್ಟಿಗೆಯವರೆಗಿನ ಜಾಗ ಮಾರ್ಜಿನ್. ಮಾರ್ಜಿನ್ ಎಂದರೆ ನಿಮಗೆ ಶಾಲೆಯ ನೋಟುಪುಸ್ತಕ ನೆನಪಾಗಬಹುದು. ಇಲ್ಲಿ ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳನ್ನು ಕೇಳಿ ನೋಡಿ, ಆ ಬದಿಯ ಜಾಗಕ್ಕೆ ಅವರು 'ಸಮಾಸ' ಎನ್ನುತ್ತಾರೆ. ನಮಗೆ ಸಮಾಸವೆಂದರೆ ವ್ಯಾಕರಣ. ಎರಡು ಪದ ಕೂಡಿ ಒಂದು ಉದ್ದ ಪದವಾಗುವುದು. ಒಂದೇ ಶಬ್ದ, ಅಲ್ಲಿ ಜಾಗ ಬಿಡುವುದಕ್ಕೆ ಹೆಸರು, ಇಲ್ಲಿ ಜಾಗ ತಿನ್ನುವುದಕ್ಕೆ! ನನ್ನ ಕೆಲಸದ ಅರ್ಧ ತಾಪತ್ರಯ ಈ ಎರಡು ಸಮಾಸಗಳ ನಡುವಿನ ಜಗಳವೇ.

ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ. ಹಾಗಾಗಿ ನಮ್ಮ ಹಳೆಯ ಚಾಳನ್ನೇ ಮನಸ್ಸಿನಲ್ಲಿ ತಂದುಕೊಳ್ಳಿ. ಖೋಲಿಯ ಒಳಗೆ ಮಂಚಕ್ಕೂ ಗೋಡೆಗೂ ನಡುವೆ ಓಡಾಡಲು ಬಿಟ್ಟ ಜಾಗ ಪ್ಯಾಡಿಂಗ್. ಗೋಡೆ ಎಂದರೆ ಬಾರ್ಡರ್. ಬಾಗಿಲ ಹೊರಗಿನ ದಾರಿ ಮಾರ್ಜಿನ್. ಎದುರುಬದುರು ಎರಡು ಮನೆಗಳಿದ್ದು, ಈ ಮನೆಯವರಿಗೂ ಮೂರು ಅಡಿ ದಾರಿ ಬೇಕು, ಆ ಮನೆಯವರಿಗೂ ಮೂರು ಅಡಿ ಬೇಕು ಎನ್ನೋಣ. ಚಾಳಿನಲ್ಲಿ ಆರು ಅಡಿ ಯಾರು ಬಿಡುತ್ತಾರೆ? ಮೂರೇ ಅಡಿ, ಇಬ್ಬರಿಗೂ ಸೇರಿ. ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ನಾಲ್ಕು ಬೇಕಿದ್ದರೆ ನಾಲ್ಕು ಬಿಟ್ಟರೆ ಇಬ್ಬರಿಗೂ ನಡೆಯುತ್ತದೆ. ಅಂತರ್ಜಾಲದ ಪುಟಗಳಲ್ಲೂ ಇದೇ ನಿಯಮ. ಒಂದರ ಕೆಳಗೊಂದು ಬರುವ ಎರಡು ಪ್ಯಾರಾಗಳ ಮಾರ್ಜಿನ್‌ಗಳು ಕೂಡಿಕೊಳ್ಳುವುದಿಲ್ಲ, ದೊಡ್ಡದು ಉಳಿಯುತ್ತದೆ, ಚಿಕ್ಕದು ಅದರೊಳಗೆ ಅಡಗುತ್ತದೆ. 1996ರಲ್ಲಿ ಹೋಕನ್ ವಿಯುಮ್ ಲೀ, ಬರ್ಟ್ ಬೋಸ್ ಎಂಬಿಬ್ಬರು ಬರೆದ ಸಿಎಸ್‌ಎಸ್ ಎಂಬ ನಿಯಮಾವಳಿಯಲ್ಲೇ ಇದು ಬಂದಿದೆ. ಅವರು ಯುರೋಪಿನವರು, ನಮ್ಮ ಚಾಳು ನೋಡಿರಲಾರರು.

ಇನ್ನೊಂದು ಮಾತು ಮುಂಬಯಿಯವರಿಗೆ ಬೇಗ ಅರ್ಥವಾದೀತು. ಪೆಟ್ಟಿಗೆಯ ಅಗಲ ನೂರು ಎಂದು ಬರೆದರೆ ಅದು ಕಾರ್ಪೆಟ್ ಏರಿಯಾವೋ, ಬಿಲ್ಟ್-ಅಪ್ ಏರಿಯಾವೋ? ಸಿಎಸ್‌ಎಸ್ ಪ್ರಕಾರ ಅದು ಕಾರ್ಪೆಟ್. ಎರಡು ಬದಿಗೆ ಹತ್ತು ಹತ್ತು ಪ್ಯಾಡಿಂಗ್ ಸೇರಿಸಿದರೆ ಪೆಟ್ಟಿಗೆ ನೂರಿಪ್ಪತ್ತಾಗುತ್ತದೆ. ಆದರೆ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಅದನ್ನು ಬಿಲ್ಟ್-ಅಪ್ ಎಂದು ಲೆಕ್ಕ ಹಾಕುತ್ತಿತ್ತು; ಗೋಡೆ, ಪ್ಯಾಡಿಂಗ್ ಎಲ್ಲ ಕಳೆದು ಒಳಗೆ ಉಳಿದಷ್ಟು. ಆ ಕಾಲದಲ್ಲಿ ಒಂದೇ ಪುಟ ಒಂದು ಕಂಪ್ಯೂಟರಿನಲ್ಲಿ ಸರಿ ಕಂಡು ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿದ್ದುದಕ್ಕೆ ಇದೊಂದು ದೊಡ್ಡ ಕಾರಣ. ಫ್ಲಾಟು ಮಾರುವವರು ಕಾರ್ಪೆಟ್ ಲೆಕ್ಕದಲ್ಲೇ ಮಾರಬೇಕೆಂದು 2016ರ ರೇರಾ ಕಾನೂನೂ ಹೇಳುತ್ತದೆ. ತಮಾಷೆಯೆಂದರೆ ಇವತ್ತು ಹೆಚ್ಚಿನ ಪ್ರೋಗ್ರಾಮರುಗಳು ತಾವಾಗಿಯೇ ಬಿಲ್ಟ್-ಅಪ್ ಲೆಕ್ಕಕ್ಕೆ ಮರಳಿದ್ದಾರೆ. ಹೊರಗಿನ ಅಳತೆ ಗೊತ್ತಿದ್ದರೆ ಜೋಡಿಸುವುದು ಸುಲಭ ಎನ್ನುವುದು ಅವರ ಅನುಭವ.

ಜೋಡಿಸುವುದರಲ್ಲಿ ಎರಡು ರೀತಿ. ಒಂದು, ಮೊಳೆ ಹೊಡೆದ ಹಾಗೆ: ಎಡದಿಂದ ಇಷ್ಟು, ಮೇಲಿನಿಂದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು. ಗುಂಡಿ ಅಲ್ಲಿಂದ ಅಲುಗಾಡುವುದಿಲ್ಲ. ಇನ್ನೊಂದು, ಲೋಕಲ್ ಟ್ರೇನಿನ ಡಬ್ಬಿ ತುಂಬುವ ಹಾಗೆ. ಎಂಜಿನಿಯರಿಂಗ್ ಓದುವ ಮಕ್ಕಳು ಪೈಥಾನ್ ಕಲಿಯುವಾಗ ಟಿಕೆ-ಇಂಟರ್ ಎಂಬ ಸಲಕರಣೆ ಬಳಸುತ್ತಾರಲ್ಲ, ಅದರ ಮೂಲ ಜಾನ್ ಔಸ್ಟರ್‌ಹೌಟ್ ಎನ್ನುವವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದಾಗ ಮಾಡಿದ 'ಟಿಕೆ'. ಅದರಲ್ಲಿ 'ಪ್ಯಾಕ್' ಎಂಬ ಆಜ್ಞೆ ಇದೆ. ಮೊದಲು ಬಂದವನು ಕಿಟಕಿ ಬದಿ ಹಿಡಿಯುತ್ತಾನೆ. ನಂತರ ಬಂದವನಿಗೆ ಉಳಿದ ಜಾಗದಲ್ಲಿ ಒಂದು ಬದಿ, ಮೂರನೆಯವನಿಗೆ ಅದರಲ್ಲೂ ಉಳಿದದ್ದು. ಹಾಗಾಗಿ ಯಾರನ್ನು ಮೊದಲು ಹತ್ತಿಸುತ್ತೀರಿ ಎನ್ನುವುದರ ಮೇಲೆ ಇಡೀ ಪರದೆಯ ರೂಪ ನಿಂತಿದೆ.

ಅದೇ ಪ್ಯಾಕ್‌ನಲ್ಲಿ 'ಎಕ್ಸ್‌ಪಾಂಡ್' ಮತ್ತು 'ಫಿಲ್' ಎಂದು ಎರಡು ಮಾತಿವೆ. ಹೊಸದಾಗಿ ಕಲಿಯುವವರು ಇವೆರಡನ್ನೂ ಒಂದೇ ಎಂದುಕೊಂಡು ಗೋಳಾಡುತ್ತಾರೆ. ಎಕ್ಸ್‌ಪಾಂಡ್ ಎಂದರೆ ಮಿಕ್ಕ ಜಾಗದಲ್ಲಿ ಇವನಿಗೂ ಪಾಲು ಕೊಡು ಎಂದರ್ಥ. ಫಿಲ್ ಎಂದರೆ ಪಾಲಿಗೆ ಬಂದ ಜಾಗದಲ್ಲಿ ಕೈಕಾಲು ಚಾಚಿ ಕೂರು ಎಂದರ್ಥ. ಆಸ್ತಿಯಲ್ಲಿ ಪಾಲು ಸಿಕ್ಕಿಯೂ ಮೂಲೆಯಲ್ಲಿ ಮುದುಡಿ ಕೂರುವವರಿಲ್ಲವೇ? ಎಕ್ಸ್‌ಪಾಂಡ್ ಕೊಟ್ಟು ಫಿಲ್ ಕೊಡದಿದ್ದರೆ ಗುಂಡಿಯ ಗತಿ ಅದೇ. ಪ್ಯಾಡಿಂಗ್‌ನಲ್ಲೂ ಅಲ್ಲಿ ಎರಡು ವಿಧ, ಒಳಗಿನದು ಬೇರೆ, ಹೊರಗಿನದು ಬೇರೆ. ಒಳಗಿನದನ್ನು ಹೆಚ್ಚಿಸಿದರೆ ಗುಂಡಿ ದಪ್ಪವಾಗುತ್ತದೆ, ಹೊರಗಿನದನ್ನು ಹೆಚ್ಚಿಸಿದರೆ ಪಕ್ಕದವನು ದೂರ ಸರಿಯುತ್ತಾನೆ.

ಮೊಳೆ ಹೊಡೆಯುವ ರೀತಿಗೂ ಡಬ್ಬಿ ತುಂಬುವ ರೀತಿಗೂ ಇರುವ ನಿಜವಾದ ವ್ಯತ್ಯಾಸ ಗೊತ್ತಾಗುವುದು ಭಾಷೆ ಬದಲಾದಾಗ. ಇಂಗ್ಲಿಷಿನ ಅಳತೆಗೆ ಮೊಳೆ ಹೊಡೆದ ಪೆಟ್ಟಿಗೆಯೊಳಗೆ ಕನ್ನಡ ತಂದು ಕೂರಿಸಿದರೆ ಅದು ಕೂರುವುದಿಲ್ಲ. ಕೂರಿಸುವವರು ಬಿಡುವುದೂ ಇಲ್ಲ. ಹಾಗಾಗಿ ಕತ್ತರಿ ಬೀಳುತ್ತದೆ.

ಹೋಟೆಲಿನ ಬೋರ್ಡು ಬರೆಯುವ ಪೇಂಟರನ್ನು ನೀವು ನೋಡಿರಬಹುದು. ಅವನು ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾನೆ, ಹೆಸರನ್ನು ತೆಳ್ಳಗೆ ಗೀಚಿ ನೋಡುತ್ತಾನೆ, 'ಶ್ರೀ' ಇದ್ದರೆ ಕೆಳಗೆ ರ ಒತ್ತಿಗೆ ಜಾಗ ಬಿಟ್ಟು ಕೆಳಗಿನ ಸಾಲನ್ನು ತುಸು ಇಳಿಸುತ್ತಾನೆ. ಅಕ್ಷರ ನೋಡಿ ಜಾಗ ಮಾಡುವುದು ಅವನ ರೂಢಿ. ಪರದೆ ಮಾಡುವವರು ಜಾಗ ಮೊದಲು ಮಾಡಿಟ್ಟು ಅಕ್ಷರವನ್ನು ಆಮೇಲೆ ತರುತ್ತಾರೆ.

ಈಗ ಕನ್ನಡದ ಅಕ್ಷರವನ್ನೇ ಸ್ವಲ್ಪ ನೋಡೋಣ. ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಸಾಲಾಗಿ ಕೂತುಬಿಡುತ್ತವೆ. ಜಿ, ವೈ ಮುಂತಾದ ನಾಲ್ಕೈದು ಸಣ್ಣಕ್ಷರಗಳ ಬಾಲ ಮಾತ್ರ ಕೆಳಗಿಳಿಯುತ್ತದೆ. ನಮ್ಮದು ಹಾಗಲ್ಲ. ತಲೆಯ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. 'ರಾಷ್ಟ್ರೀಯ' ಎಂಬ ಪದದಲ್ಲಿ ಷಕಾರದ ಅಡಿಯಲ್ಲಿ ಟ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು. ಎರಡು ಮಹಡಿಯ ಕೆಳಗೆ ನೆಲಮಾಳಿಗೆ ಇದ್ದ ಹಾಗೆ. ಪೆಟ್ಟಿಗೆಯ ಎತ್ತರ ಇಂಗ್ಲಿಷಿಗೆ ಸರಿಯಾಗಿ ಇಟ್ಟಿದ್ದರೆ ಮೊದಲು ಹೋಗುವುದು ನೆಲಮಾಳಿಗೆ.

ಒತ್ತಕ್ಷರ ಹೋದರೆ ಅಂದ ಕೆಡುತ್ತದೆ ಎಂದಷ್ಟೇ ತಿಳಿಯಬೇಡಿ, ಅರ್ಥವೇ ಹೋಗುತ್ತದೆ. 'ಹಳ್ಳಿ'ಯ ಒತ್ತು ಕತ್ತರಿಸಿದರೆ 'ಹಳಿ'. 'ಮಗ್ಗ' ಹೋಗಿ 'ಮಗ' ಆಗುತ್ತಾನೆ. 'ಕತ್ತೆ' ಬಂದು 'ಕತೆ' ಹೇಳುತ್ತದೆ. 'ಕನ್ನಡ' ಎಂಬ ಹೆಸರಿನಲ್ಲೇ ಒಂದು ಒತ್ತಿದೆ, ಅದು ಕತ್ತರಿಸಿಹೋದರೆ 'ಕನಡ'. ಭಾಷೆ ಆರಿಸುವ ಪಟ್ಟಿಯಲ್ಲೇ ಅರ್ಧ ಕತ್ತರಿಸಿದ ಕನ್ನಡವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕೆಲಸಕ್ಕೆ ನಮ್ಮ ಮುಂಬಯಿಯ ನಂಟೂ ಇದೆ. 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು, ಅವರು ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಟಾಟಾ ಪ್ರೆಸ್ಸಿನಲ್ಲೂ ದುಡಿದವರು. ಅವರ ಕೀಲಿಮಣೆಯಲ್ಲಿ ಒತ್ತಕ್ಷರಗಳಿಗೆಂದು ಬೇರೆ ಬೇರೆ ಕೀಲಿಗಳಿಲ್ಲ. ಉಚ್ಚಾರದ ಕ್ರಮದಲ್ಲಿ ಮೂಲ ಅಕ್ಷರಗಳನ್ನು, ನಡುವೆ ಕೂಡಿಸುವ ಕೀಲಿಯೊಂದಿಗೆ, ಒತ್ತುತ್ತಾ ಹೋದರೆ ಸಾಕು, ಯಾವುದನ್ನು ಯಾವುದರ ಅಡಿಯಲ್ಲಿ ಕೂರಿಸಬೇಕು ಎನ್ನುವುದು ಯಂತ್ರದ ಜವಾಬ್ದಾರಿ. ಬರೆಯುವವನು ಜಾಗದ ಚಿಂತೆ ಮಾಡಬೇಕಿಲ್ಲ. ಓದುವವನ ಜಾಗದ ಚಿಂತೆ ಮಾತ್ರ ಉಳಿದುಹೋಯಿತು.

ಮೊಬೈಲಿನಲ್ಲಿ ಅದು ಹೇಗೆ ಉಳಿಯಿತೆಂಬ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡ ಓದುವ ನಮಗೆಲ್ಲ ಸಂಬಂಧಿಸಿದ್ದು, ಆದರೆ ಯಾವ ಪತ್ರಿಕೆಯ ಮುಖಪುಟಕ್ಕೂ ಬರದಂಥದ್ದು.

2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳಿಗೆ ಅದರಲ್ಲಿ ಅಧಿಕೃತವಾಗಿ ಎಡೆ ಸಿಕ್ಕಿತು. ಆಗಲೇ ಜಗತ್ತಿನ ತುಂಬ ಆ್ಯಪ್‌ಗಳಿದ್ದವು. ಅವುಗಳ ಗುಂಡಿಗಳು, ಸಾಲುಗಳು ಎಲ್ಲ ಇಂಗ್ಲಿಷಿನ ಎತ್ತರಕ್ಕೆ ಅಳೆದು ಮಾಡಿದವು. ಎತ್ತರದ ಲಿಪಿಗಳನ್ನು ಅವುಗಳೊಳಗೆ ಹೇಗೆ ತುರುಕುವುದು? ಲಕ್ಷಾಂತರ ಆ್ಯಪ್‌ಗಳ ಪೆಟ್ಟಿಗೆಗಳನ್ನು ಬದಲಿಸಲಾಗದು. ಹಾಗಾಗಿ ಅಕ್ಷರವನ್ನೇ ಗಿಡ್ಡ ಮಾಡಿದರು. ಗೂಗಲ್ಲಿನ ನೋಟೋ ಅಕ್ಷರಮಾಲೆಯಲ್ಲಿ 'ನೋಟೋ ಸ್ಯಾನ್ಸ್ ಕನ್ನಡ' ಎಂಬುದು ಒಂದು, 'ನೋಟೋ ಸ್ಯಾನ್ಸ್ ಕನ್ನಡ ಯುಐ' ಎಂಬುದು ಇನ್ನೊಂದು. ಎರಡನೆಯದು ಗುಂಡಿಗಳಿಗಾಗಿ ಮೇಲಿನಿಂದ ಕೆಳಕ್ಕೆ ಅಮುಕಿ ಮಾಡಿದ ರೂಪ. ನಿಮ್ಮ ಫೋನಿನಲ್ಲಿ ಒತ್ತಕ್ಷರಗಳು ಇರುವೆಯಂತೆ ಕಂಡು, ಕನ್ನಡಕ ಹಾಕಿಕೊಂಡರೂ ತ ಒತ್ತೋ ನ ಒತ್ತೋ ತಿಳಿಯದೆ ಹೋಗಿದ್ದರೆ ಕಣ್ಣನ್ನು ಪೂರ್ತಿ ದೂರಬೇಡಿ, ಈ ಅಮುಕುವಿಕೆಯದ್ದೂ ಅದರಲ್ಲಿ ಪಾಲಿರಬಹುದು.

2014ರ ಆಂಡ್ರಾಯ್ಡ್ 5ರಲ್ಲಿ ಒಂದು ಸ್ವಿಚ್ಚು ಕೊಟ್ಟರು. ಹೆಸರು 'ಎಲಿಗೆಂಟ್ ಟೆಕ್ಸ್ಟ್ ಹೈಟ್'. ಪ್ರೋಗ್ರಾಮರು ಅದನ್ನು ಒತ್ತಿದರೆ ಅಮುಕಿದ ಅಕ್ಷರದ ಬದಲು ಪೂರ್ಣ ಎತ್ತರದ ಅಕ್ಷರ ಬರುತ್ತದೆ. ಆದರೆ ಒತ್ತಬೇಕಾದವರು ಇಂಗ್ಲಿಷಿನಲ್ಲಿ ಮಾತ್ರ ಪರದೆ ನೋಡುವವರು, ಅವರ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಕಾಣದ ಸ್ವಿಚ್ಚನ್ನು ಯಾರು ಒತ್ತುತ್ತಾರೆ? ಇನ್ನೊಂದು ಸ್ವಿಚ್ಚಿನ ಕಥೆ ಇದಕ್ಕೆ ವಿರುದ್ಧ. ಅಕ್ಷರದ ಮೇಲೆ ಕೆಳಗೆ ಸ್ವಲ್ಪ ಹೆಚ್ಚು ಜಾಗ ಬಿಡುವ 'ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್' ಎಂಬುದು ಮೊದಲೇ ಹಾಕಿಟ್ಟಿರುವ ಸ್ವಿಚ್ಚು. ಡಿಸೈನರು ಬರೆದ ಚಿತ್ರಕ್ಕೂ ಪರದೆಗೂ ಎರಡು ಚುಕ್ಕಿ ವ್ಯತ್ಯಾಸ ಬಂತೆಂದು ಅದನ್ನು ಹುಡುಕಿ ಹುಡುಕಿ ಆರಿಸುತ್ತಾರೆ. ಇಂಗ್ಲಿಷ್ ಅಚ್ಚುಕಟ್ಟಾಗುತ್ತದೆ. ನಮ್ಮ ಒತ್ತಕ್ಷರಕ್ಕೆ ಇದ್ದ ಚೂರು ಆಸರೆಯೂ ಹೋಗುತ್ತದೆ.

ಹತ್ತು ವರ್ಷ ಹೀಗೆ ನಡೆಯಿತು. 2024ರಲ್ಲಿ ಆಂಡ್ರಾಯ್ಡ್ 15 ಬಂದಾಗ ಗೂಗಲ್ ಲೆಕ್ಕವನ್ನು ತಿರುಗಿಸಿತು. ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಎಲಿಗೆಂಟ್ ಸ್ವಿಚ್ಚು ತಾನಾಗಿಯೇ ಹಾಕಿರುತ್ತದೆ. 2025ರ ಆಂಡ್ರಾಯ್ಡ್ 16ಕ್ಕೆ ಸಿದ್ಧಪಡಿಸಿದವುಗಳಲ್ಲಿ ಅದನ್ನು ಆರಿಸಿದರೂ ಫೋನು ಕೇಳುವುದಿಲ್ಲ. ಅಮುಕಿದ ಅಕ್ಷರಗಳನ್ನೇ ಕೈಬಿಡಲಾಗುವುದು, ನಿಮ್ಮ ಪರದೆಗಳನ್ನು ಸರಿಪಡಿಸಿಕೊಳ್ಳಿ ಎಂದು ಪ್ರೋಗ್ರಾಮರುಗಳಿಗೆ ಹೇಳಿಯಾಗಿದೆ. ಅರಬ್ಬಿ, ಲಾವೋ, ಬರ್ಮೀ, ಥಾಯ್. ನಮ್ಮ ಕಡೆಯವು ತಮಿಳು, ಗುಜರಾತಿ, ಕನ್ನಡ, ಮಲಯಾಳಂ, ಒಡಿಯಾ, ತೆಲುಗು. ಹೀಗೆ ಹತ್ತು ಹೆಸರುಗಳನ್ನು ಗೂಗಲ್ ಪಟ್ಟಿ ಮಾಡಿ ಕೊಟ್ಟಿದೆ. ಇಷ್ಟು ವರ್ಷ ಪೆಟ್ಟಿಗೆಗೆ ತಕ್ಕಂತೆ ಅಕ್ಷರ ಬಗ್ಗುತ್ತಿತ್ತು. ಇನ್ನು ಅಕ್ಷರಕ್ಕೆ ತಕ್ಕಂತೆ ಪೆಟ್ಟಿಗೆ ಬೆಳೆಯಬೇಕು.

ಕೇಳಲು ಸಂತೋಷ. ಆದರೆ ಇಲ್ಲೇ ಅಪಾಯವೂ ಇದೆ. ಅಕ್ಷರ ನೆಟ್ಟಗೆ ನಿಂತಿತು, ಪೆಟ್ಟಿಗೆ ಹಳೆಯದೇ ಉಳಿಯಿತು ಎಂದಾದರೆ? ಆಗ ಮೊದಲು ಚಿಕ್ಕದಾಗಿಯಾದರೂ ಕಾಣುತ್ತಿದ್ದ ಒತ್ತಕ್ಷರ ಈಗ ಪೂರ್ತಿ ಕತ್ತರಿಸಿಹೋಗುತ್ತದೆ. ಕೆಲವು ಆ್ಯಪ್ ಹೊಸದಾದ ಮೇಲೆ ಕನ್ನಡ ಇನ್ನಷ್ಟು ಕೆಟ್ಟಿತಲ್ಲ ಎಂದು ಯಾರಾದರೂ ನಿಮ್ಮಲ್ಲಿ ಗೊಣಗಿದರೆ ಕಾರಣ ಇದೂ ಇದ್ದೀತು.

ಎತ್ತರದ ಮಾತಾಯಿತು. ಅಗಲದ್ದು ಇನ್ನೊಂದು ರಾಮಾಯಣ.

ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಪದ ಬೇರೆ ಭಾಷೆಗೆ ಹೋದಾಗ ಎರಡು ಮೂರು ಪಟ್ಟು ಉದ್ದವಾಗಬಹುದು, ಅಷ್ಟು ಜಾಗ ಇಟ್ಟುಕೊಳ್ಳಿ ಎಂದು ಐಬಿಎಂ ಕಂಪನಿಯವರು ಬಹಳ ಹಿಂದೆಯೇ ತಮ್ಮವರಿಗೆ ಲೆಕ್ಕ ಹಾಕಿಕೊಟ್ಟಿದ್ದರು. ಉದ್ದ ವಾಕ್ಯಗಳು ಅಷ್ಟು ಹಿಗ್ಗುವುದಿಲ್ಲ, ಹಿಗ್ಗುವುದು ಸಣ್ಣ ಪದಗಳೇ. ಗುಂಡಿಗಳ ಮೇಲೆ ಇರುವುದೂ ಸಣ್ಣ ಪದಗಳೇ. ಇದರ ಮೇಲೆ ಕೆಲವರು 'ಹನ್ನೆರಡು ಅಕ್ಷರ ಮೀರಬಾರದು' ಎಂದು ಮಿತಿ ಹಾಕುತ್ತಾರೆ. ಕಂಪ್ಯೂಟರು ಎಣಿಸುವ ಅಕ್ಷರ ಬೇರೆ, ನಾವು ಎಣಿಸುವುದು ಬೇರೆ. 'ಸ್ತ್ರೀ' ನಮಗೆ ಒಂದಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು, ಒಟ್ಟು ಆರು. ಮೂರಕ್ಷರದ 'ರಾಷ್ಟ್ರೀಯ' ಒಂಬತ್ತಾಗುತ್ತದೆ. ಎಸ್ಸೆಮ್ಮೆಸ್ಸಿನಲ್ಲೂ ಇದೇ ಪಕ್ಷಪಾತ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70, ಆ ಎಪ್ಪತ್ತರಲ್ಲೂ ವಿರಾಮ, ಕಾಗುಣಿತದ ಗುರುತು ಎಲ್ಲ ಲೆಕ್ಕಕ್ಕೆ ಬರುತ್ತವೆ.

ಜಾಗ ಸಾಲದಿದ್ದಾಗ ಯಂತ್ರ ಪದದ ಕೊನೆಯನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. ಇಂಗ್ಲಿಷಿನಲ್ಲಿ ಇದರಿಂದ ಅಷ್ಟು ತೊಂದರೆಯಿಲ್ಲ. 'ಕ್ಯಾನ್ಸಲ್ ಪೇಮೆಂಟ್' ಎಂಬಲ್ಲಿ ಮಾಡಬೇಕಾದ ಕೆಲಸ ಮೊದಲಿದೆ. ಪೇಮೆಂಟ್ ಕತ್ತರಿಸಿಹೋದರೂ ಕ್ಯಾನ್ಸಲ್ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. 'ಪಾವತಿ ರದ್ದುಗೊಳಿಸಿ', 'ಪಾವತಿ ದೃಢೀಕರಿಸಿ'. ಎರಡರ ಕೊನೆಯನ್ನೂ ಕತ್ತರಿಸಿ, ಉಳಿಯುವುದು ಏನು? 'ಪಾವತಿ…' ಮತ್ತು 'ಪಾವತಿ…'.

ಇದು ಕಲ್ಪನೆಯಲ್ಲ. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಉಡುಪಿ ಕಡೆಯ ಮಾಮಿಯೊಬ್ಬರಿದ್ದಾರೆ. ಊರಲ್ಲಿರುವ ತಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾರೆ. ಇಂಗ್ಲಿಷು ಬಾರದು, ಹಿಂದಿ ಮಾತಾಡುತ್ತಾರೆ, ಓದುವುದು ಕನ್ನಡ ಮಾತ್ರ. ಅವರ ಬ್ಯಾಂಕಿನ ಆ್ಯಪ್‌ನಲ್ಲಿ ಕನ್ನಡ ಬಂತೆಂದು ಖುಷಿಯಾಗಿ ಹಾಕಿಸಿಕೊಂಡರು. ಒಂದು ಸಂಜೆ ಫೋನು ಹಿಡಿದು ಮೇಲೆ ಬಂದು, "ಎರಡರಲ್ಲೂ ಪಾವತಿ ಅಂತಲೇ ಉಂಟಲ್ಲ ಮಾರಾಯ್ತಿ, ನಾನು ಯಾವುದನ್ನು ಒತ್ತುವುದು?" ಎಂದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಸಮಯ ಮೀರಿ ಆ್ಯಪ್ ಮುಚ್ಚಿಕೊಂಡಿತು. "ಬೇಡ, ನಾಳೆ ಬ್ಯಾಂಕಿಗೇ ಹೋಗ್ತೇನೆ" ಎಂದು ಅವರು ಇಳಿದು ಹೋದರು. ಎಪ್ಪತ್ತು ದಾಟಿದವರು, ಮೊಣಕಾಲು ನೋವು ಬೇರೆ. ಅನುವಾದ ಮಾಡಿದವರದು ತಪ್ಪೇನಿಲ್ಲ, ಅವರ ಕನ್ನಡ ಶುದ್ಧವಾಗಿಯೇ ಇತ್ತು. ಗುಂಡಿಗೆ ಇನ್ನೊಂದು ಸಾಲಿನ ಜಾಗ ಇರಲಿಲ್ಲ, ಅಷ್ಟೇ.

ನಿಷೇಧವೂ ಕನ್ನಡದಲ್ಲಿ ಕೊನೆಗೇ ಬರುವುದು. 'ಅನುಮತಿಸಿ', 'ಅನುಮತಿಸಬೇಡಿ'. 'ಒಪ್ಪುತ್ತೇನೆ', 'ಒಪ್ಪುವುದಿಲ್ಲ'. ಕೊನೆ ಕತ್ತರಿಸಿದರೆ ಹೌದು ಯಾವುದು, ಅಲ್ಲ ಯಾವುದು? ಹಣಕಾಸಿನ ವಿಷಯದಲ್ಲಿ ಇದು ನಗುವ ಮಾತಲ್ಲ.

ಇನ್ನು ಬೆರಳಿನ ವಿಚಾರ. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ ಲೆಕ್ಕ ಸಮೇತ ತೋರಿಸಿದ್ದರು. ಗುಂಡಿಯ ಒಳಗಿನ ಪ್ಯಾಡಿಂಗ್ ಹೆಚ್ಚಿಸಿದರೆ ಅಕ್ಷರ ದೊಡ್ಡದಾಗದೆಯೂ ಗುರಿ ದೊಡ್ಡದಾಗುತ್ತದೆ. ಆಂಡ್ರಾಯ್ಡಿನ ಶಿಫಾರಸು ಸುಮಾರು 9 ಮಿಲಿಮೀಟರ್. ಬಾಯ್ಲರಿನ ಮುಂದೆ, ತವೆಯ ಮುಂದೆ ನಲವತ್ತು ವರ್ಷ ದುಡಿದ ಬೆರಳುಗಳಿಗೆ ಅದೂ ಕಡಿಮೆಯೇ.

ಈ ಪರಿಸ್ಥಿತಿ ಯಾಕೆ ಬರುತ್ತದೆ ಎಂದು ಕೇಳಿದರೆ, ದುರುದ್ದೇಶ ಯಾರಿಗೂ ಇಲ್ಲ. ಅನುವಾದಕರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಖಾಲಿ. ಆ ಪದ ಗುಂಡಿಯ ಮೇಲೆ ಬರುತ್ತದೋ ಶೀರ್ಷಿಕೆಯಲ್ಲಿ ಬರುತ್ತದೋ ತಿಳಿಯದು. 'ಎಡಿಟ್' ಎಂದಿದ್ದರೆ ನಿಘಂಟು ನೋಡಿ 'ಸಂಪಾದಿಸಿ' ಎಂದು ಬರೆಯುತ್ತಾರೆ. ಅದರ ಜಾಗದಲ್ಲಿ 'ತಿದ್ದಿ' ಎಂದರೆ ಎರಡೇ ಅಕ್ಷರ, ಯಾವ ಗುಂಡಿಯಲ್ಲೂ ಕೂರುತ್ತದೆ, ಯಾರಿಗೂ ಅರ್ಥವಾಗುತ್ತದೆ. ಅಲ್ಲದೆ ಫೋನು ಹಿಡಿದವನಿಗೆ 'ಸಂಪಾದಿಸಿ' ಎಂದರೆ ಅವನು ನಿಜವಾಗಿ ದುಡ್ಡು ಬರುತ್ತದೆಂದುಕೊಂಡಾನು! ಪರದೆ ಮಾಡುವವರಿಗೆ ಕನ್ನಡ ಬಾರದು, ಕನ್ನಡ ಬಲ್ಲವರಿಗೆ ಪರದೆ ಕಾಣದು. ಇಬ್ಬರ ನಡುವೆ ಇರುವುದು ಆ ಹಾಳೆ.

ಪರಿಹಾರ ದೊಡ್ಡ ವಿದ್ಯೆಯೇನಲ್ಲ. ಪೆಟ್ಟಿಗೆಗೆ 'ಇಷ್ಟೇ ಎತ್ತರ' ಎನ್ನುವ ಬದಲು 'ಕನಿಷ್ಠ ಇಷ್ಟು, ಬೇಕಾದರೆ ಬೆಳೆ' ಎಂದು ಬರೆಯಬೇಕು. ಎರಡು ಗುಂಡಿಗಳು ಅಕ್ಕಪಕ್ಕ ಹಿಡಿಸದಿದ್ದರೆ ಒಂದರ ಕೆಳಗೊಂದು ಇಡಬೇಕು. ಸಾಲಿನಿಂದ ಸಾಲಿಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಬಿಟ್ಟರೂ ಪುಟದಲ್ಲಿ ಏನೂ ಕಾಣೆಯಾಗಬಾರದೆಂದು ಜಾಗತಿಕ ಅಂತರ್ಜಾಲ ಒಕ್ಕೂಟದ 2018ರ ಸೂತ್ರಗಳಲ್ಲೇ ಇದೆ. ಕೊನೆಯ ದಿನ ಕನ್ನಡ ತುಂಬಿಸುವ ಬದಲು ಮೊದಲ ದಿನವೇ 'ರಾಷ್ಟ್ರೀಯ', 'ವೈಶಿಷ್ಟ್ಯ' ಎಂಬ ಎರಡು ಪದಗಳನ್ನು ಹಾಕಿ ನೋಡಿದರೆ ಅರ್ಧ ತೊಂದರೆ ಅಲ್ಲೇ ಕಂಡುಬಿಡುತ್ತದೆ. ನಾನಂತೂ ಹಾಗೇ ಮಾಡುತ್ತೇನೆ. ಗುಜರಾತಿ ಸಹೋದ್ಯೋಗಿಯೊಬ್ಬರಿಗೆ ಈ ಎರಡು ಪದ ಈಗ ಬಾಯಿಪಾಠ, ಅರ್ಥ ಮಾತ್ರ ಕೇಳಿಲ್ಲ.

ಗೋರೆಗಾಂವ್ ಸ್ಟೇಶನ್ನಿನ ಫಲಕದಲ್ಲಿ ನಾವು ಕನ್ನಡ ನಿರೀಕ್ಷಿಸುವುದು ಬೇಡ. ಇದು ಮಹಾರಾಷ್ಟ್ರ, ಇಲ್ಲಿ ಮರಾಠಿಗೆ ಮೊದಲ ಜಾಗ, ಅದು ಸರಿಯೇ. ಆದರೆ ಹೊರನಾಡಿನಲ್ಲಿರುವ ನಮಗೆ ಕಣ್ಣೆದುರು ಪ್ರತಿದಿನ ಕನ್ನಡ ಕಾಣುವ ಕೆಲವೇ ಜಾಗಗಳಲ್ಲಿ ಕೈಯೊಳಗಿನ ಫೋನು ಒಂದು. ಅದರಲ್ಲಿ ಕನ್ನಡ ಕತ್ತರಿಸಿ ಬಂದರೆ ನಾವು ಮಾಡುವುದೇನು? ಗೊಣಗುತ್ತಾ ಇಂಗ್ಲಿಷಿಗೆ ಮರಳುತ್ತೇವೆ. ಕಂಪನಿಯವರ ಲೆಕ್ಕದಲ್ಲಿ ಕನ್ನಡ ಬಳಸುವವರು ಒಬ್ಬರು ಕಡಿಮೆಯಾಗುತ್ತಾರೆ, ಮುಂದಿನ ಸಲ ಸರಿಪಡಿಸಲು ಕಾರಣವೂ ಒಂದು ಕಡಿಮೆಯಾಗುತ್ತದೆ. ಅದರ ಬದಲು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಕತ್ತರಿಸಿಹೋದ ಪದ ಯಾವುದು, ಫೋನು ಯಾವುದು, ಅಕ್ಷರದ ಗಾತ್ರ ಎಷ್ಟು ಇಟ್ಟಿದ್ದೀರಿ ಎಂದು ಮೂರು ಸಾಲು ಬರೆದು ಆ್ಯಪ್‌ನವರಿಗೆ ಕಳಿಸಿ. ಅಕ್ಷರದ ಗಾತ್ರದ ಮಾತು ಮರೆಯಬೇಡಿ. 2023ರ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು, ಹಿರಿಯರು ಹಿಗ್ಗಿಸಿಯೇ ಇಟ್ಟಿರುತ್ತಾರೆ, ಮೊಳೆ ಹೊಡೆದ ಪೆಟ್ಟಿಗೆಗಳ ಬಣ್ಣ ಬಯಲಾಗುವುದು ಆಗಲೇ. 'ಕನ್ನಡ ಸರಿಯಿಲ್ಲ' ಎಂದಷ್ಟೇ ಬರೆದರೆ ಅವರು ಮತ್ತೆ ಅನುವಾದಕರ ಕುತ್ತಿಗೆಗೆ ಬೀಳುತ್ತಾರೆ. 'ಗುಂಡಿಯ ಎತ್ತರ ಸಾಲದು, ಒತ್ತಕ್ಷರ ಕತ್ತರಿಸಿದೆ' ಎಂದು ಬರೆಯಿರಿ, ಸರಿಯಾದ ಮೇಜಿಗೆ ಹೋಗುತ್ತದೆ.

ಇನ್ನೊಂದು ಕೆಲಸ ಕೇಳುಗರಿಗೆ. ಪ್ಯಾಡಿಂಗ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ನನಗೆ ಬಗೆಹರಿದಿಲ್ಲ. 'ಒಳ ಅಂಚು' ಎಂದು ಕೆಲವರು ಬರೆಯುತ್ತಾರೆ, ಅಂಚು ಎಂದರೆ ಗೆರೆ, ಜಾಗವಲ್ಲ. 'ಒಳಜಾಗ' ಎಂದರೆ ಹತ್ತಿರ ಬರುತ್ತದೆ. ದರ್ಜಿಗಳು ಮುಂದೆ ಬಿಚ್ಚಿ ಅಗಲ ಮಾಡಲೆಂದು ಹೊಲಿಗೆಯೊಳಗೆ ಬಟ್ಟೆ ಮಡಚಿಟ್ಟಿರುತ್ತಾರಲ್ಲ, ನಿಮ್ಮ ಊರ ಕಡೆ ಅದಕ್ಕೊಂದು ಒಳ್ಳೆಯ ಹೆಸರಿದ್ದರೆ ಕನ್ನಡ ವಿಭಾಗಕ್ಕೆ ಒಂದು ಕಾಗದ ಹಾಕಿ. ಎರಡಕ್ಷರ, ಹೆಚ್ಚೆಂದರೆ ಮೂರಕ್ಷರದೊಳಗೆ ಇರಲಿ.